ನಾಲ್ಕನೇ ಮಹಡಿಯ ಪರದೆ

ಮನೆಯಿಂದ,
ಶನಿವಾರ, ಮಧ್ಯಾಹ್ನ, ಊಟಕ್ಕೆ ಮೊದಲು

ಮಾತು ಬಿಟ್ಟಿರುವ ನನ್ನ ಮುದ್ದಿನ ಮಗಳಿಗೆ,

ಅಮ್ಮ ಮಾಡುವ ಆಶೀರ್ವಾದಗಳು. ಫೋನ್ ಮಾಡಬೇಡ ಅಂತ ನೀನು ಹೇಳಿದ್ದೆ. ಮಾಡಿಲ್ಲ. ಒಂದೆರಡು ಸಲ ಮಾಡಿದ್ದು ಕೈತಪ್ಪಿ. ಕಾಗದ ಬರೆಯಬೇಡ ಅಂತ ಮಾತ್ರ ಹೇಳಿರಲಿಲ್ಲ. ಈ ಕಾಲದಲ್ಲೂ ಅಂಚೆಪೆಟ್ಟಿಗೆ ಹುಡುಕಿಕೊಂಡು ಹೋಗುವವರು ಇರುತ್ತಾರೆ ಎಂದು ನಿನಗೆ ಹೊಳೆದಿರಲಿಕ್ಕಿಲ್ಲ. ಬೇಲಿಯಲ್ಲಿ ಅಷ್ಟು ದೊಡ್ಡ ಸಂದು ಬಿಟ್ಟರೆ ನಿನ್ನ ಅಮ್ಮ ನುಸುಳದೆ ಇರುತ್ತಾಳೆಯೇ? ಆದ್ದರಿಂದ ತಪ್ಪು ನಿನ್ನದೇ. ಪೂರ್ತಿ ಓದು.

ಪುಟ್ಟಿ ಈಗಲೂ ಬಟ್ಟೆಯ ಅಂಚು ಸಿಕ್ಕರೆ ಬಾಯಿಗೆ ಹಾಕುತ್ತಾಳೆಯೇ? ಹಾಕಲಿ ಬಿಡು. ಪರದೆ ಹೊಲಿಯುವವಳ ಮೊಮ್ಮಗಳು ಬಟ್ಟೆ ರುಚಿ ನೋಡದೆ ಇನ್ನೇನು ನೋಡಬೇಕು.

ಈಗ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ಅರ್ಧ ನಿನಗೆ ಗೊತ್ತು. ಆದರೆ ನೀನು ಕೇಳಿದ್ದೆಲ್ಲ ಜಗಳದ ನಡುವೆ, ಒಂದು ತುಂಡು ಅಲ್ಲಿ, ಒಂದು ತುಂಡು ಇಲ್ಲಿ. ಒಂದು ಸಲವಾದರೂ ಸಾಲಾಗಿ ಕೇಳು.

ನಮ್ಮ ಮನೆಯ ಎದುರಿನ ಐಸ್ ಫ್ಯಾಕ್ಟರಿ ಒಡೆದು ಬಯಲಾಯಿತಲ್ಲ, ಅಲ್ಲಿ ಬಹುಮಹಡಿ ವಸತಿ ಕಟ್ಟಲು ಬಿಡಬೇಕು, ಒಂದಂತಸ್ತಿನ ಮನೆಗಳಷ್ಟೇ ಇರಬೇಕೆಂಬ ನಮ್ಮ ಬೀದಿಯ ನಿಯಮ ಸಡಿಲಿಸಬೇಕು ಎಂದು ನಗರಸಭೆಗೆ ಅರ್ಜಿ ಬಂತು. ಕೆಲವು ಮನೆಗಳು ಕಡಿಮೆ ಬಾಡಿಗೆಯವು. ಬೀದಿಗೆ ಬೀದಿಯೇ ಎದ್ದು ನಿಂತಿತು. ಬೀದಿ ಎಂದರೆ ನಿನಗೆ ಗೊತ್ತೇ ಇದೆ, ಮೂರು ಮತ್ತೊಂದು ಜನ: ನಿವೃತ್ತಿಯಾಗಿಯೂ ತೀರ್ಪು ಕೊಡುವುದನ್ನು ನಿಲ್ಲಿಸದ ಜಡ್ಜ್ ಸಾಹೇಬರು, ಹಲ್ಲಿನ ಡಾಕ್ಟರು, ಮತ್ತೆ ಡ್ರೈವಿಂಗ್ ಸ್ಕೂಲಿನ ಬ್ರೇಕ್ ಮಾಮ. ಸೋಫಾದಲ್ಲಿ ಕೂತಾಗಲೂ ಬಲಗಾಲು ಒತ್ತುತ್ತಲೇ ಇರುವ ಆ ಮನುಷ್ಯನಿಗೆ ಬೇರೆ ಹೆಸರು ಇತ್ತೋ ಏನೋ, ಈಗ ಅವರ ಹೆಂಡತಿಗೂ ಮರೆತಿದೆ. ಈ ಮೂವರು ಸೇರಿ ಆಕ್ಷೇಪಣಾ ಸಮಿತಿ ಮಾಡಿ, ನನ್ನನ್ನು ಅಧ್ಯಕ್ಷೆ ಮಾಡಿದರು. ನನ್ನ ವಾಕ್ಚಾತುರ್ಯ ನೋಡಿ ಎಂದು ನಾನು ನಂಬಿದ್ದೆ. ಬಟ್ಟೆ ಕತ್ತರಿಸುವ ನನ್ನ ಉದ್ದನೆಯ ಮೇಜಿನ ಸುತ್ತ ಎಲ್ಲರೂ ಕೂರಬಹುದು, ಕಾಫಿಯೂ ಬರುತ್ತದೆ ಎನ್ನುವುದು ನಿಜವಾದ ಕಾರಣ.

ಅದೇ ವಾರ ನೀನು ಬಂದು, ರೂಮು ಖಾಲಿ ಮಾಡಲು ಮಾಲೀಕರು ಹೇಳಿದ್ದಾರೆ, ಎದುರಿಗೆ ಬರಲಿರುವ ಕಟ್ಟಡದಲ್ಲಿ ಮನೆಗೆ ಹೆಸರು ಕೊಟ್ಟಿದ್ದೇನೆ ಎಂದೆ. ಇಲ್ಲೇ ಬಂದು ಇರು, ಮಂಚದ ಮೇಲೆ ನೀವಿಬ್ಬರೂ ಮಲಗಿ, ನಾನು ಮೇಜಿನ ಮೇಲೆ ಮಲಗುತ್ತೇನೆ ಎಂದೆ ನಾನು. ಆಗ ನೀನು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

"ನಿನ್ನ ಮನೇಲಿ ಒಂದು ಹಾಸಿಗೆ ಬೇಡಮ್ಮ. ನಂದು ಅಂತ ಒಂದು ಬಾಗಿಲು ಬೇಕು."

ಹಾಕಿಕೊಳ್ಳೋಕಾ ಎಂದು ನಾನು ಕೇಳಿದೆ. ತೆಗೆಯೋಕೂ ಎಂದೆ ನೀನು. ಆಮೇಲೆ ನಡೆದದ್ದನ್ನು ಬರೆಯುವುದು ಬೇಡ. ಬೀದಿಯವರಿಗೆ ಅದು ಬಾಯಿಪಾಠವಾಗಿದೆ.

ನಮ್ಮ ನಗರಸಭೆಯದೊಂದು ಪದ್ಧತಿ ಇದೆ. ದೊಡ್ಡ ಕಟ್ಟಡಕ್ಕೆ ಒಪ್ಪಿಗೆ ಕೇಳುವವರು, ಅಹವಾಲು ಸಭೆಗೆ ಮೊದಲು, ಅದು ಎಷ್ಟು ಎತ್ತರ ಎಷ್ಟು ಅಗಲ ಬರುತ್ತದೆ ಎಂದು ಜಾಗದಲ್ಲೇ ಕಂಬ ನೆಟ್ಟು, ಮಹಡಿ ಮಹಡಿಗೆ ಹಗ್ಗ ಕಟ್ಟಿ ತೋರಿಸಬೇಕು. ಜನ ನೋಡಿ ಹೆದರುವುದಿದ್ದರೆ ಮೊದಲೇ ಹೆದರಲಿ ಎಂದು. ಬಿಲ್ಡರು ಕಂಬ ನೆಟ್ಟರು. ಯಾರೂ ಹೆದರಲಿಲ್ಲ. ಆಕಾಶಕ್ಕೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದಂತೆ ಕಂಡಿತು, ಅಷ್ಟೆ. ಹೋಗುವ ಬರುವವರು ಚೆನ್ನಾಗಿ ಗಾಳಿ ಬರುತ್ತೆ ಎಂದು ಹೊಗಳಿ ಹೋದರು.

ಸಮಿತಿಗೆ ದಿಗಿಲಾಯಿತು. ಆಗ ಡಾಕ್ಟರು ಒಂದು ಉಪಾಯ ಹೇಳಿದರು. ಹಗ್ಗಕ್ಕೆ ಕಿಟಕಿ ಬರುವ ಜಾಗದಲ್ಲೆಲ್ಲ ಪರದೆ ತೂಗುಹಾಕೋಣ, ಎಷ್ಟು ಕಿಟಕಿಗಳು ನಮ್ಮ ಅಂಗಳದೊಳಗೆ ಬಗ್ಗಿ ನೋಡುತ್ತವೆ ಎಂದು ಆಗ ಗೊತ್ತಾಗುತ್ತದೆ ಎಂದರು. ಪರದೆ ಹಾಕಬಾರದೆಂದು ನಿಯಮದಲ್ಲಿ ಎಲ್ಲೂ ಇಲ್ಲ ಎಂದು ಜಡ್ಜ್ ಸಾಹೇಬರು ತೀರ್ಪಿತ್ತರು. ಎಲ್ಲರೂ ನನ್ನ ಕಡೆ ತಿರುಗಿದರು.

ಕಂದ, ಹೊಲಿದೆ. ಇಷ್ಟು ವರ್ಷ ಉಳಿಸಿಟ್ಟ ತುಂಡುಬಟ್ಟೆಯನ್ನೆಲ್ಲ ಹೊರಗೆ ತೆಗೆದೆ. ಹೂವಿನದು, ಗೆರೆಯದು, ಯಾವುದೋ ಹೋಟೆಲಿನವರು ಬೇಡವೆಂದ ಬಾಟಲಿ ಹಸಿರಿನದು. ಒಂದೊಂದು ಕಿಟಕಿಗೆ ಎರಡೆರಡು ಪಾಲು, ಮೇಲೆ ರಿಂಗು, ಬದಿಗೆ ಕಟ್ಟಲು ಪಟ್ಟಿ. ಪ್ರದರ್ಶನಕ್ಕೆ ಅಷ್ಟೆಲ್ಲ ಬೇಕಾಗಿರಲಿಲ್ಲ. ಆದರೆ ಅರೆಬರೆ ಕೆಲಸ ನನ್ನ ಕೈಗೆ ಬರುವುದಿಲ್ಲ. ಬ್ರೇಕ್ ಮಾಮ ಬೀದಿದೀಪ ರಿಪೇರಿಯ ಏಣಿಗಾಡಿ ತಂದು, ಒಂದೊಂದು ಅಡಿ ಮೇಲೇರಿದಾಗಲೂ ಬ್ರೇಕ್ ಒತ್ತುತ್ತಾ ಒತ್ತುತ್ತಾ, ಎಲ್ಲವನ್ನೂ ತೂಗುಹಾಕಿದರು. ಯಾರೋ ಒಳಗೆ ನಿಂತು ನೋಡುತ್ತಿರುವಂತೆ ಕಾಣಲಿ ಎಂದು ಎಲ್ಲ ಪರದೆಗಳನ್ನೂ ಸರಿಸಿ ಪಟ್ಟಿ ಕಟ್ಟಿ ತೆರೆದಿಟ್ಟೆವು.

ಮರುದಿನ ಮಧ್ಯಾಹ್ನ ನೋಡಿದರೆ ಎಲ್ಲವೂ ಮುಚ್ಚಿದ್ದವು.

ಗಾಳಿ ಎಂದು ನೀನು ಹೇಳುತ್ತೀಯ. ಜಡ್ಜ್ ಸಾಹೇಬರೂ ಅದನ್ನೇ ಹೇಳಿದರು. ಆದರೆ ಅವತ್ತು ಬಾಗಿಲಲ್ಲಿ ಊದುಕಡ್ಡಿ ಹಚ್ಚಿದರೆ ಹೊಗೆ ದಾರದಂತೆ ನೆಟ್ಟಗೆ ಹೋಗುತ್ತಿತ್ತು. ಮೇಲಾಗಿ ಪಟ್ಟಿಯ ಗಂಟು ಬಿಚ್ಚಿ, ಪಟ್ಟಿಯನ್ನು ಮಡಿಸಿ, ಪರದೆ ಎಳೆಯುವ ಗಾಳಿಯನ್ನು ನಾನು ನೋಡಿಲ್ಲ. ಅಂಥದ್ದು ಸಿಕ್ಕಿದ್ದರೆ ಸಂಬಳ ಕೊಟ್ಟಾದರೂ ಇಟ್ಟುಕೊಳ್ಳುತ್ತಿದ್ದೆ.

ಮಾಮ ಮತ್ತೆ ಏರಿ ಎಲ್ಲವನ್ನೂ ತೆರೆದು ಬಂದರು. ಮತ್ತೆ ಮುಚ್ಚಿದವು. ಎಲ್ಲ ಒಂದೇ ಸಲಕ್ಕಲ್ಲ, ಒಂದೊಂದಾಗಿ, ಒಬ್ಬೊಬ್ಬರ ಅಭ್ಯಾಸದಂತೆ. ಎರಡನೇ ಮಹಡಿಯವರು ಮಧ್ಯಾಹ್ನ ನಿದ್ದೆ ಮಾಡುವವರಿರಬೇಕು, ಊಟದ ಹೊತ್ತು ಕಳೆದದ್ದೇ ಮುಚ್ಚುತ್ತಿದ್ದರು. ಮೂಲೆಯವರು ಅರ್ಧ ತೆರೆದು ಏನೋ ಒಣಗಲು ಬಿಟ್ಟಂತೆ ಇರುತ್ತಿದ್ದರು. ಪರದೆಯ ಹಿಂದೆ ಏನಿತ್ತು ಎಂದರೆ, ಏನೂ ಇಲ್ಲ. ಆ ಕಡೆ ಹೋಗಿ ನಿಂತರೆ ಬಟ್ಟೆಯ ಹಿಂಬದಿ, ಅದರಾಚೆ ನಮ್ಮದೇ ಮನೆಗಳು. ಡಾಕ್ಟರು ದುರ್ಬೀನು ತಂದರು. ಸಮಿತಿಯವರು ನಾವು ನನ್ನ ಜಗುಲಿಯಲ್ಲಿ ಸರದಿಯಂತೆ ಕೂತು ದುರ್ಬೀನು ಹಿಡಿದು, ಈ ಜನ ನಮ್ಮ ಮನೆಯೊಳಗೆ ಇಣುಕುತ್ತಾರೆ ಎಂದು ಸಿಟ್ಟಾದೆವು. ನಾವು ನೋಡಿದಷ್ಟೂ ಅವು ಬಿಗಿಯಾಗಿ ಮುಚ್ಚುತ್ತಿದ್ದವು.

ಸಭೆಗೆ ಇನ್ನು ಸ್ವಲ್ಪ ದಿನ ಇದ್ದಾಗ ನಾಲ್ಕನೇ ಮಹಡಿಯ ಒಂದು ಪರದೆಯನ್ನು ಕಾಗೆ ಗಲೀಜು ಮಾಡಿತು. ನಮ್ಮ ಮನೆಗೆ ನೇರ ಎದುರಿನದು, ಬಾಟಲಿ ಹಸಿರಿನದು. ಒಗೆಯಲೆಂದು ಇಳಿಸಿ ತರಿಸಿದೆ. ಮೇಜಿನ ಮೇಲೆ ಹರಡಿದಾಗ ಉದ್ದ ಕಡಿಮೆಯಾಗಿತ್ತು. ಯಾರೋ ಕೆಳಗಿನ ಅಂಚನ್ನು ಒಂದು ಗೇಣು ಮೇಲೆ ಮಡಿಸಿ ಕೈಯಲ್ಲಿ ಹೊಲಿದಿದ್ದರು. ಉದ್ದುದ್ದ ಹೊಲಿಗೆ, ಅವಸರದ್ದು. ಬಲಗೈಯವರು ಹೊಲಿದರೆ ಹೊಲಿಗೆ ಒಂದು ಕಡೆಗೆ ವಾಲುತ್ತದೆ. ಇದು ಇನ್ನೊಂದು ಕಡೆಗೆ ವಾಲಿತ್ತು.

ಎಡಗೈಯಲ್ಲಿ ಸೂಜಿ ಹಿಡಿಯುವವರನ್ನು ನನ್ನ ಜನ್ಮದಲ್ಲಿ ಒಬ್ಬರನ್ನೇ ಕಂಡಿದ್ದೇನೆ. ಪಕ್ಕದಲ್ಲಿ ಕೂತು ಕಲಿಸಿದರೆ ಅವಳಿಗೆ ಬರುತ್ತಿರಲಿಲ್ಲ. ಎದುರಿಗೆ ಕೂತು, ಕನ್ನಡಿಯ ಹಾಗೆ, ನನ್ನ ಬಲಗೈ ಅವಳ ಎಡಗೈ ಮಾಡಿಕೊಂಡು ಕಲಿಸಿದೆ. ಎಷ್ಟು ಹೇಳಿದರೂ ಉದ್ದುದ್ದ ಹಾಕುತ್ತಿದ್ದಳು.

ಆ ಅಂಚು ಒದ್ದೆಯಾಗಿತ್ತು. ಮಗುವೊಂದು ಬಾಯಿಗಿಟ್ಟು ಚೀಪಿದಷ್ಟು ಒದ್ದೆ. ನಾಲ್ಕನೇ ಮಹಡಿಯ ಎತ್ತರದಲ್ಲಿ, ಬರಿಯ ಗಾಳಿಯಲ್ಲಿ.

ಅವತ್ತೇ ನಿನಗೆ ಮೊದಲ ಸಲ ಕೈತಪ್ಪಿ ಫೋನ್ ಮಾಡಿದ್ದು. ನೀನು ಎತ್ತಲಿಲ್ಲ. ನೀನು ಕೆಲಸ ಮಾಡುವ ಲ್ಯಾಬಿಗೆ ಮಾಡಿ ಕೇಳಿದೆ. ಇದ್ದಾರೆ, ಯಾರದೋ ರಕ್ತ ತೆಗೀತಾ ಇದ್ದಾರೆ ಎಂದರು. ಸದ್ಯ, ನೀನು ಅಲ್ಲೇ ಇದ್ದೆ, ಮೈಕೈ ಗಟ್ಟಿಯಾಗಿ. ಹಾಗಾದರೆ ಇಲ್ಲಿ ಹೊಲಿದು ಹೋದವಳು ನೀನಲ್ಲ, ಇನ್ನು ಬರಬೇಕಾಗಿರುವ ನೀನು ಎಂದು ಅರ್ಥ ಮಾಡಿಕೊಂಡೆ. ಇದು ಎಂಥ ಅರ್ಥ ಎಂದು ಕೇಳಬೇಡ. ನನ್ನ ತಲೆಯಲ್ಲಿ ಅದು ಸರಿಯಾಗಿಯೇ ಕೂತಿತು. ಸಮಿತಿಗೆ ಹೇಳಲಿಲ್ಲ. ಹೊಲಿಗೆ ಬಿಚ್ಚಲಿಲ್ಲ. ಒಗೆದು, ಇಸ್ತ್ರಿ ಮಾಡಿ, ಮತ್ತೆ ಮೇಲಕ್ಕೆ ಕಳಿಸಿದೆ.

ಆಮೇಲಿನ ದಿನಗಳಲ್ಲಿ ಕೆಲಸ ಬಿಟ್ಟು ಜಗುಲಿಯಲ್ಲಿ ಕೂರುತ್ತಿದ್ದೆ. ದೀಪ ಹಚ್ಚುವ ಹೊತ್ತಿಗೆ ಹಸಿರು ಪರದೆ ಒಂದು ಅಂಗೈಯಷ್ಟು ಸರಿಯುತ್ತಿತ್ತು. ಮೊಣಕೈ ತಾಗಿದಂತೆ ಬಟ್ಟೆ ಉಬ್ಬುತ್ತಿತ್ತು. ಅದರ ಕೆಳಗೆ, ಸೊಂಟದಷ್ಟು ತಗ್ಗಿನಲ್ಲಿ, ಇನ್ನೊಂದು ಸಣ್ಣ ಉಬ್ಬು. ಒಂದು ಸಂಜೆ ನಾನು ಕೈ ಎತ್ತಿದೆ. ಬಾ ಎಂದಲ್ಲ, ಇದ್ದೀನಿ ಎಂದು. ಪರದೆ ಮುಚ್ಚಿಕೊಂಡಿತು. ಸಿಟ್ಟಿನಿಂದ ಎಳೆದಿದ್ದರೆ ಪರವಾಗಿರಲಿಲ್ಲ, ಸಿಟ್ಟು ಮನೆಯವರ ಮೇಲೆ ಮಾತ್ರ ಬರುವಂಥದ್ದು. ಇದು ಮೆಲ್ಲಗೆ, ಮರ್ಯಾದೆಯಾಗಿ ಮುಚ್ಚಿತು. ಎದುರುಮನೆಯ ಗುರುತಿಲ್ಲದ ಹೆಂಗಸು ದಿಟ್ಟಿಸುತ್ತಿದ್ದರೆ ಮುಚ್ಚುತ್ತಾರಲ್ಲ, ಹಾಗೆ.

ಅಹವಾಲು ಸಭೆಗೆ ನೀನು ಪುಟ್ಟಿಯನ್ನು ಎತ್ತಿಕೊಂಡು ಬಂದಿದ್ದೆ, ಕೊನೆಯ ಸಾಲಿನಲ್ಲಿ ಕೂತಿದ್ದೆ. ನಾನು ನೋಡಲಿಲ್ಲ ಅಂದುಕೊಂಡಿದ್ದೀಯ. ಜಡ್ಜ್ ಸಾಹೇಬರು ನೆರಳಿನ ಬಗ್ಗೆ ಮಾತಾಡಿದಾಗ ಸಭೆಗೆ ಸಭೆಯೇ ತೂಕಡಿಸಿತು. ಡಾಕ್ಟರು ಪ್ಲಾಸ್ಟರಿನ ದವಡೆ ತಂದು, ಇಕ್ಕಟ್ಟಿನಲ್ಲಿ ಬೆಳೆದ ಹಲ್ಲು ಹೇಗೆ ಸೊಟ್ಟಗಾಗುತ್ತದೆ ಎಂದು ತೋರಿಸಿದರು. ನಗರಸಭೆಯವರು ತಮ್ಮ ತಮ್ಮ ಬಾಯಿ ಮುಚ್ಚಿಕೊಂಡರು. ಬ್ರೇಕ್ ಮಾಮ ಮೈಕಿನ ಮುಂದೆ ಬಂದು ನಿಂತರು, ನಿಂತೇ ಬಿಟ್ಟರು. ಅಧ್ಯಕ್ಷೆಯ ಸರದಿ ಬಂತು.

ಸುಮ್ಮನೆ ಕೂರಬಹುದಿತ್ತು. ಗಂಟಲು ಸರಿಯಿಲ್ಲ ಎನ್ನಬಹುದಿತ್ತು. ಬೆಳಿಗ್ಗೆ ಎದ್ದಾಗ ಹಾಗೆಯೇ ಮಾಡುವುದೆಂದು ಇದ್ದೆ, ನಂಬು. ಆದರೆ ಎದ್ದು ನಿಂತಾಗ ಕಣ್ಣ ಮುಂದೆ ಬಂದದ್ದು ಆ ಮುಚ್ಚಿದ ಪರದೆ. ದಿನ ಬೆಳಗಾದರೆ ಎದುರಿಗೇ ಇದ್ದು, ನನ್ನನ್ನು ನೋಡಿ ಪರದೆ ಎಳೆದುಕೊಳ್ಳುವ ಮಗಳಿಗಿಂತ ಊರಾಚೆಯ ಮಗಳೇ ವಾಸಿ ಅನಿಸಿಬಿಟ್ಟಿತು, ಆ ಒಂದು ಗಳಿಗೆ. ಗಳಿಗೆ ಎಂದರೂ ಭಾಷಣ ಉದ್ದವಾಗಿತ್ತು. ತಲೆ ಮೇಲೆ ಜನ ಬಂದು ಕೂರುತ್ತಾರೆ ಎಂದೆ. ಯಾರೆಂದು ಗೊತ್ತಿಲ್ಲದವರು, ಎಲ್ಲಿಂದಲೋ ಬಂದವರು ಎಂದೆ. ನಮ್ಮ ಸೂರಿನ ಮೇಲೆ ಇನ್ನೊಬ್ಬರ ಹೆಜ್ಜೆ ಕೇಳಿಸದಂತೆ ಬದುಕಿದ ಜನ ನಾವು ಎಂದಾಗ ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದರೆ ನಿನ್ನ ಅಮ್ಮನಿಗೆ ಮೈಮೇಲೆ ಎಚ್ಚರ ಇರುವುದಿಲ್ಲ.

ಅರ್ಜಿ ತಿರಸ್ಕಾರವಾಯಿತು. ಹೊರಗೆ ಕಾರಿಡಾರಿನಲ್ಲಿ ನೀನು ನನ್ನ ಮುಂದೆಯೇ ಹಾದು ಹೋದೆ. ನಿಂತು ಒಂದೇ ಮಾತು ಹೇಳಿದೆ.

"ಚೆನ್ನಾಗಿ ಮಾತಾಡಿದೆ ಅಮ್ಮ."

ಅದರಲ್ಲಿ ವ್ಯಂಗ್ಯ ಹುಡುಕಿದೆ. ಸಿಕ್ಕಿದ್ದರೆ ಇಷ್ಟು ಹೊತ್ತಿಗೆ ಜಗಳವಾಡಿ ಮುಗಿಸಿರುತ್ತಿದ್ದೆವು.

ಈಗ ನಿನಗೆ ಸ್ವಲ್ಪವೂ ಗೊತ್ತಿಲ್ಲದ ಅರ್ಧ.

ಮರುವಾರ ಕಂಬಗಳನ್ನು ಕಿತ್ತರು. ಪರದೆಗಳು ಗಂಟು ಕಟ್ಟಿಕೊಂಡು ನನ್ನ ಮನೆಗೆ ವಾಪಸು ಬಂದವು. ಬಯಲು ಬಯಲಾಗಿಯೇ ಉಳಿಯಿತು. ಸಮಿತಿ ಗೆಲುವಿನ ಕಾಫಿ ಕುಡಿಯಿತು. ಅದರ ಮರುದಿನ ಡಾಕ್ಟರು ಬಂದು, ಸ್ವಲ್ಪ ನಾಚಿಕೊಂಡು, ನಮ್ಮ ಮನೆ ಮೇಲೆ ಯಾರೋ ಕುರ್ಚಿ ಎಳೆಯುತ್ತಿದ್ದಾರೆ ಎಂದರು.

ಅವರ ಮನೆಯ ಮೇಲೆ ತಾರಸಿ ಬಿಟ್ಟರೆ ಆಕಾಶ.

ಹತ್ತಿ ನೋಡಿದೆವು. ನೀರಿನ ಟ್ಯಾಂಕು, ಒಣಗಿದ ಹೂಕುಂಡ, ಎರಡು ಪಾರಿವಾಳ. ಕೆಳಗೆ ಬಂದು ಕೂತರೆ ಮತ್ತೆ ಸರ್‍ರ್ ಎಂದು ಕುರ್ಚಿ. ಯಾರೋ ಊಟಕ್ಕೆ ಕೂತರು, ಎದ್ದರು, ಕೈ ತೊಳೆದರು. ಜಡ್ಜ್ ಸಾಹೇಬರ ಮನೆಯ ಮೇಲೆ ಪಾತ್ರೆ ತೊಳೆಯುವ ಸದ್ದು. ಅವರು ಊರುಗೋಲಿನಿಂದ ಛಾವಣಿಗೆ ಕುಟ್ಟಿ ನಿಲ್ಲಿಸಿ ಎಂದು ಗದರಿದರು. ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮೇಲಿನಿಂದ ಮೆಲ್ಲಗೆ ಅಷ್ಟೇ ಸಲ ಕುಟ್ಟಿದರಂತೆ, ಕ್ಷಮಿಸಿ ಎನ್ನುವ ಹಾಗೆ. ಜೀವಮಾನದಲ್ಲೇ ಮೊದಲ ಬಾರಿಗೆ ತಮ್ಮ ಆದೇಶ ಇಷ್ಟು ಬೇಗ ಜಾರಿಯಾದದ್ದನ್ನು ಕಂಡು ಸಾಹೇಬರು ಬೆವೆತುಹೋದರು. ಬ್ರೇಕ್ ಮಾಮನ ಮನೆಯ ಮೇಲಿನವರಿಗೆ ನಡೆಯಲು ಕಲಿಯುತ್ತಿರುವ ಮಗು ಇದೆ. ಅದು ದಡಬಡ ಹೆಜ್ಜೆಯಿಟ್ಟು ಗೋಡೆಯತ್ತ ಓಡಿದಾಗಲೆಲ್ಲ ಕೆಳಗೆ ಮಾಮ ಬಲಗಾಲು ಒತ್ತುತ್ತಾರೆ.

ಕಟ್ಟಲು ಬಿಡದ ಮನೆಯವರು ಎಲ್ಲಿಗೆ ಹೋಗಬೇಕು ಹೇಳು. ಇಲ್ಲಿಯೇ ಇರುತ್ತೇವೆಂದು ಅವರು ಪರದೆಯನ್ನೂ ಎಳೆದುಕೊಂಡಾಗಿತ್ತು. ಆ ಪರದೆಗಳನ್ನು ತೂಗುಹಾಕಿದವರು ನಾವೇ.

ಸಮಿತಿ ತುರ್ತು ಸಭೆ ಸೇರಿತು. ಇಲ್ಲದ ಮಹಡಿಯಲ್ಲಿ ಇಲ್ಲದವರು ವಾಸಿಸುತ್ತಿರುವುದರ ವಿರುದ್ಧ ಆಕ್ಷೇಪಣೆ ಸಲ್ಲಿಸಬೇಕು ಎಂದು ಡಾಕ್ಟರು ಹೇಳಿದರು. ಯಾರ ಹೆಸರಿಗೆ ನೋಟಿಸು ಕೊಡುವುದು ಎಂದು ಸಾಹೇಬರು ಕೇಳಿದರು. ಮಾಮ ಮಾತ್ರ, ಮಗುವಿಗೆ ಏನಾದರೂ ಪೆಟ್ಟಾದರೆ ಎಂದರು. ಆಮೇಲೆ ಮೂವರೂ ನನ್ನ ಛಾವಣಿಯತ್ತ ಕಿವಿ ಕೊಟ್ಟರು. ಅಧ್ಯಕ್ಷರೇ, ನಿಮ್ಮ ಮೇಲೆ ಯಾರಿದ್ದಾರೆ ಎಂದು ಕೇಳಿದರು.

ಯಾರೂ ಇಲ್ಲ.

ಇಡೀ ಬೀದಿಯಲ್ಲಿ ನನ್ನ ಮನೆಯೊಂದೇ ಖಾಲಿ. ಪುಣ್ಯವಂತರು ಎಂದು ಮೂವರೂ ಹೊಟ್ಟೆಕಿಚ್ಚುಪಟ್ಟು ಹೋದರು. ಅವತ್ತಿನಿಂದ ಮಧ್ಯಾಹ್ನ ಹೊಲಿಗೆ ಮೆಷಿನ್ ನಿಲ್ಲಿಸಿ ಮೇಜಿನ ಮೇಲೆ ಅಂಗಾತ ಮಲಗಿ ಕೇಳುತ್ತೇನೆ. ಒಂದು ಸೂಜಿ ಬಿದ್ದರೂ ಸಾಕು. ಪಕ್ಕದ ಮನೆಯ ಮೇಲೆ ಯಾರೋ ನಗುತ್ತಾರೆ, ಆಚೆ ಯಾರದೋ ಕುಕ್ಕರು ಕೂಗುತ್ತದೆ, ಮಗು ಓಡುತ್ತದೆ. ಅದು ಪುಟ್ಟಿಯ ಹೆಜ್ಜೆಯಲ್ಲ, ಪುಟ್ಟಿಯದು ನನಗೆ ಗೊತ್ತು. ನನ್ನ ತಲೆಯ ಮೇಲೆ ಮಾತ್ರ ಫ್ಯಾನು, ಅದರ ಮೇಲೆ ಕಾಂಕ್ರೀಟು, ಅದರ ಮೇಲೆ ಏನೂ ಇಲ್ಲ. ಬೇರೆ ದಾರಿಯಿಲ್ಲದವರು ಕೂಡ ಬರಲು ಒಪ್ಪದ ಮನೆಯನ್ನು ನಾನು ಕಾದುಕೊಂಡಿದ್ದೇನೆ.

ಆದ್ದರಿಂದ ನಾನೂ ನಗರಸಭೆಗೆ ಒಂದು ಅರ್ಜಿ ಹಾಕಿದೆ. ನಮ್ಮ ಮನೆಯ ಮೇಲೆ ಒಂದು ಅಡುಗೆಮನೆ, ಒಂದು ಕೋಣೆ, ಹಿಂದಿನ ಓಣಿಯಿಂದ ನೇರ ಹತ್ತುವ ಮೆಟ್ಟಿಲು. ಆ ಮೆಟ್ಟಿಲು ನನ್ನ ಮನೆಯೊಳಗೆ ಬರುವುದಿಲ್ಲ. ಬಾಗಿಲು ಬೇರೆ, ಬೀಗ ಬೇರೆ, ಬೀಗದ ಕೈ ನನ್ನ ಹತ್ತಿರ ಇರುವುದಿಲ್ಲ. ಕಿಟಕಿಗೆ ಪರದೆ ನೀನೇ ಹೊಲಿದುಕೋ, ಎಷ್ಟು ಉದ್ದ ಹೊಲಿಗೆ ಬೇಕಾದರೂ ಹಾಕಿಕೋ.

ಸಮಿತಿ ಆಕ್ಷೇಪಣೆ ಸಲ್ಲಿಸಿದೆ. ಸಲ್ಲಿಸದೆ ಏನು! ಇಲ್ಲದ ಮಹಡಿಯವರೇ ಇಷ್ಟು ಸದ್ದು ಮಾಡುವಾಗ ಇರುವ ಮಹಡಿ ಬೇರೆ ಕಟ್ಟಿಸುತ್ತೀರಾ ಎಂದು ಸಾಹೇಬರು ಕೇಳಿದರು. ನನ್ನದೇ ಮೇಜಿನ ಸುತ್ತ ಕೂತು, ನನ್ನದೇ ಕಾಫಿ ಕುಡಿದು, ನನ್ನದೇ ಭಾಷಣವನ್ನು ನನಗೆ ಓದಿ ಹೇಳಿದರು. ಒಂದಕ್ಷರ ಬದಲಿಸಿಲ್ಲ. ಯಾರೆಂದು ಗೊತ್ತಿಲ್ಲದವರು, ಎಲ್ಲಿಂದಲೋ ಬಂದವರು. ಕೇಳುತ್ತಾ ಕೂತೆ. ಬಹಳ ಚೆನ್ನಾಗಿದೆ ಕಂದ, ಯಾರನ್ನು ಬೇಕಾದರೂ ಹೊರಗಿಡಬಹುದು ಅದರಲ್ಲಿ. ನಾನು ರಾಜೀನಾಮೆ ಕೊಟ್ಟೆ. ಮೇಜು ಮಾತ್ರ ಬಿಟ್ಟುಕೊಡಿ ಎಂದರು. ಕೊಡಲಿಲ್ಲ.

ಬರುವ ಗುರುವಾರ ಬೆಳಿಗ್ಗೆ ಅದೇ ಸಭಾಂಗಣದಲ್ಲಿ ವಿಚಾರಣೆ. ನಾನು ಮೈಕಿನ ಮುಂದೆ ನಿಂತು, ನಮ್ಮ ಮೇಲಿನ ಕೋಣೆಗೆ ಬರುವವಳು ಎಲ್ಲಿಂದಲೋ ಬಂದವಳಲ್ಲ, ನನ್ನ ಮಗಳು ಎಂದು ಹೇಳುವವಳಿದ್ದೇನೆ. ಚಪ್ಪಾಳೆ ಬೀಳುವುದಿಲ್ಲ. ನೀನು ಬರಬೇಕೆಂದು ಕೇಳುತ್ತಿಲ್ಲ. ಬಂದರೆ ಕೊನೆಯ ಸಾಲಿನಲ್ಲೇ ಕೂರು, ನಾನು ತಿರುಗಿ ನೋಡುವುದಿಲ್ಲ. ಪುಟ್ಟಿಗೆ ಒಂದು ಮುತ್ತು.

ಇಂತು,
ಅಧ್ಯಕ್ಷೆ ಅಲ್ಲದ,
ನಿನ್ನ ಅಮ್ಮ

ತಾ.ಕ.: ಮೇಲೆ ಬರೆದದ್ದರಲ್ಲಿ ಒಂದು ಮಾತು ಮುಚ್ಚಿಟ್ಟಿದ್ದೆ. ಒಪ್ಪಿಗೆಗೆ ಕಾಯುವ ತಾಳ್ಮೆ ನನಗೆಲ್ಲಿ? ಮೇಸ್ತ್ರಿಯನ್ನು ಕರೆಸಿ ಓಣಿಯ ಕಡೆ ಮೆಟ್ಟಿಲು ಕಟ್ಟಿಸಿಯಾಗಿದೆ. ಕೋಣೆಯಿಲ್ಲ, ಬಾಗಿಲಿಲ್ಲ, ಬರೀ ಮೆಟ್ಟಿಲು, ಮೇಲೆ ಹೋಗಿ ಆಕಾಶಕ್ಕೆ ತಾಗುತ್ತದೆ. ಇವತ್ತು ಬೆಳಿಗ್ಗೆ ಅದರ ಬುಡದಲ್ಲಿ ಕೂತು ದಾರ ಪೋಣಿಸುತ್ತಿದ್ದಾಗ, ಮೇಲಿನಿಂದ ಯಾರೋ ಇಳಿದು ಬರುವ ಸದ್ದು ಕೇಳಿತು. ಭಾರ ಹೊತ್ತವರ ಹೆಜ್ಜೆ, ಮಗುವನ್ನು ಎತ್ತಿಕೊಂಡವರದು. ಅರ್ಧದಲ್ಲಿ ನಿಂತಿತು. ನನ್ನ ಬೆನ್ನ ಹಿಂದೆ, ಕೆಲವೇ ಮೆಟ್ಟಿಲು ಮೇಲೆ, ಯಾರೋ ಉಸಿರಾಡುತ್ತಿದ್ದರು. ನಾನು ತಲೆಯೆತ್ತಿ ನೋಡಲಿಲ್ಲ ಕಂದ. ಜೀವಮಾನದಲ್ಲಿ ಮೊದಲ ಸಲ ನೋಡದೆ ಕೂತೆ. ಸ್ವಲ್ಪ ಸರಿದು, ಇಳಿದು ಹೋಗುವವರಿಗೆ ದಾರಿ ಬಿಟ್ಟೆ. ಇನ್ನೂ ಹಾಗೆಯೇ ಕೂತಿದ್ದೇನೆ. ಕಾಗದ ಬರೆಯುತ್ತಿರುವುದು ಅಲ್ಲಿಂದಲೇ.